ಭಂಗಿ ಎಣ್ಣೆ

ಮರ್ಫಿ ಟೌನ್, ಬೆಂಗಳೂರು
9 ಜೂನ್ 2024

ಪ್ರೇಮ,

ಜೈ ಭೀಮ್.

ಅಲ್ಲಿ ಫೋನ್ ಕೊಡುವುದಿಲ್ಲವಂತೆ. ಮೊದಲ ತಿಂಗಳು ಭೇಟಿಗೂ ಬಿಡುವುದಿಲ್ಲವಂತೆ. "ಬೇಕಾದ್ರೆ ಲೆಟರ್ ಬರೀರಿ ಮೇಡಂ, ನಾವೇ ಕೊಡ್ತೀವಿ" ಎಂದರು ವ್ಯಸನಮುಕ್ತಿ ಕೇಂದ್ರದ ಮ್ಯಾನೇಜರ್ ಲಕ್ಷ್ಮಿಕಾಂತ ಸರ್. ಹಾಗಾಗಿ ಬರೆಯುತ್ತಿದ್ದೇನೆ. ಎಡಗೈಗೆ ಇನ್ನೂ ಪ್ಲಾಸ್ಟರ್ ಇದೆ. ಬಲಗೈಗೆ ಏನೂ ಆಗಿಲ್ಲ.

ನಿನ್ನನ್ನು ವ್ಯಾನಿಗೆ ಹಾಕಿಕೊಂಡು ಹೋದ ರೀತಿ ನನಗೂ ಸರಿಬರಲಿಲ್ಲ. ಜನ ಬರುತ್ತಾರೆ, ಮಾತಾಡಿಸಿ ಕರೆದುಕೊಂಡು ಹೋಗುತ್ತಾರೆ ಎಂದಷ್ಟೇ ಹೇಳಿದ್ದರು. ಹಗ್ಗ ತರುತ್ತಾರೆಂದು ಗೊತ್ತಿರಲಿಲ್ಲ. ನೀನು ಬಚ್ಚಲ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಅವರಲ್ಲೊಬ್ಬ ಹಿಂದಿನಿಂದ ಬಂದು ನಿನ್ನ ಕುತ್ತಿಗೆಗೇ ಕೈ ಹಾಕಿದ. ನೀನು ಕೂಗಿದ್ದಕ್ಕೆ ಎದುರುಮನೆಯ ತಮಿಳಜ್ಜಿ ಓಡಿಬಂದು, "ಎನ್ನಮ್ಮಾ ನಂದಿತಾ ಇದು, ಹುಡುಗನ್ನ ಸಾಯಿಸ್ಬಿಡ್ತಾರಾ?" ಎಂದಳು. ನಿನ್ನ ಹುಬ್ಬು ಒಡೆದು ಮೆಟ್ಟಿಲ ಮೇಲೆಲ್ಲ ರಕ್ತ ಬಿದ್ದಿತ್ತು. ಎಲ್ಲರೂ ಹೋದ ಮೇಲೆ ನಾನೇ ತೊಳೆದೆ.

ಆ ಭಾನುವಾರ ಮಧ್ಯಾಹ್ನ ಏನಾಯಿತೆಂದು ನಿನಗೆ ನೆನಪಿಲ್ಲ ಎನ್ನುತ್ತೀ. ಅದಕ್ಕೇ ಹೇಳುತ್ತೇನೆ. ಕುಕ್ಕರ್ ಕೂಗಿತು. ನೀನು ಗೋಡೆಗೆ ಒರಗಿ ಬೆವರುತ್ತಾ ಉಸಿರಿಗೆ ತಡಕಾಡುತ್ತಿದ್ದೆ. "ಏನಾಯ್ತೋ" ಎಂದು ಹೆಗಲ ಮೇಲೆ ಕೈಯಿಟ್ಟೆ. ನೀನು ಆ ಕೈಯನ್ನು ತಿರುಚಿ ನನ್ನನ್ನು ಬೀರುವಿಗೆ ಎಸೆದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಆಮೇಲೂ ನೀನು ಮುಷ್ಟಿ ಎತ್ತಿಕೊಂಡು ನನ್ನ ಮೇಲೆ ನಿಂತಿದ್ದೆ, ನಾನು ಯಾರೆಂದೇ ಗೊತ್ತಿಲ್ಲದವನಂತೆ.

ಮರುದಿನ ನಿನ್ನ ದಿಂಬಿನಡಿ ಆ ಎಣ್ಣೆಯ ಸೀಸೆ ಸಿಕ್ಕಿತು. ಮೇಲೆ ಭಂಗಿ ಸೊಪ್ಪಿನ ಚಿತ್ರ. "ಔಷಧಿ ಅಕ್ಕ, ಡಾಕ್ಟ್ರು ಕೊಟ್ಟಿದ್ದು, ಭಯಕ್ಕೆ" ಎಂದೆ ನೀನು. ಅಪ್ಪನೂ ಬ್ರಾಂದಿಯನ್ನು ಕೆಮ್ಮಿನ ಔಷಧಿ ಎನ್ನುತ್ತಿದ್ದರು.

ಇಂದಿರಾನಗರದ ಪಬ್ಬಿನ ಬಾಗಿಲಲ್ಲಿ ಕುಡಿದ ಹುಡುಗನೊಬ್ಬ ಒಡೆದ ಬಿಯರ್ ಬಾಟಲಿಯನ್ನು ನಿನ್ನ ಕುತ್ತಿಗೆಗೆ ಇಳಿಸಿದಾಗಲೂ ನೀನು ಸಾಯಲಿಲ್ಲ. ಅಷ್ಟು ದೊಡ್ಡ ಬೌನ್ಸರ್, ಆಮೇಲೆ ಬಸ್ಸಿನ ಬ್ರೇಕ್ ಸದ್ದಿಗೆ ಬೆಚ್ಚಿಬೀಳುವಂತಾದೆ. ಅದನ್ನು ನಾನೂ ನೋಡಿದ್ದೇನೆ. ಆದರೆ ಗಾಂಜಾಕ್ಕೆ ನಿನ್ನನ್ನು ಬಿಟ್ಟುಕೊಡಲಾರೆ. ಸಿಟ್ಟು ಬಂದರೆ ಬೈದು ಬರಿ.

ನಿನ್ನ ಅಕ್ಕ,
ನಂದಿತಾ


ಕೆ.ಆರ್. ಪುರದಾಚೆ
16 ಜೂನ್ 2024

ಪ್ರೀತಿಯ ಅಕ್ಕನಿಗೆ ಪ್ರೇಮ್‌ಕುಮಾರ್ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಬೆಳಿಗ್ಗೆ ಬೇಗ ಎಬ್ಬಿಸುತ್ತಾರೆ. ಪ್ರಾರ್ಥನೆ, ವ್ಯಾಯಾಮ, ಉಪ್ಪಿಟ್ಟು. ಲಕ್ಷ್ಮಿಕಾಂತ ಸರ್ ತಂದೆಯ ಹಾಗೆ ನೋಡಿಕೊಳ್ಳುತ್ತಾರೆ. ನನ್ನ ತಪ್ಪು ನನಗೆ ಅರಿವಾಗಿದೆ. ಆ ಎಣ್ಣೆ ವಿಷ ಎಂದು ಈಗ ತಿಳಿದಿದೆ. ನೀನು ಮಾಡಿದ್ದು ನನ್ನ ಒಳ್ಳೆಯದಕ್ಕೇ.

ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಬೆರಳು ಬಾಗಿಲಿಗೆ ಸಿಕ್ಕಿತ್ತು. ತುಂಬುತೋಳಿನ ಎರಡು ಶರ್ಟು ಕಳಿಸು. ಇಲ್ಲಿ ಸೊಳ್ಳೆ ಜಾಸ್ತಿ. ಚಪ್ಪಲಿಯೂ ಬೇಕು, ಒಂದು ಸೈಜು ದೊಡ್ಡದು. ಕಾಲು ಸ್ವಲ್ಪ ಊದಿದೆ, ಬಹಳ ನಡೆಯುವುದರಿಂದ.

ನಿನ್ನ ಕೈ ಹೇಗಿದೆ?

ಇಂತಿ ನಿನ್ನ ತಮ್ಮ,
ಪ್ರೇಮ್‌ಕುಮಾರ್


ಮರ್ಫಿ ಟೌನ್
30 ಜೂನ್ 2024

ಪ್ರೇಮ,

ಜೈ ಭೀಮ್.

ನಿನ್ನ ಕಾಗದ ಓದಿ ಬಹಳ ದಿನದ ಮೇಲೆ ಹೊಟ್ಟೆತುಂಬ ಊಟ ಮಾಡಿದೆ. ಬ್ಯೂಟಿ ಪಾರ್ಲರಿಗೆ ಬಂದವರಿಗೆಲ್ಲ ಓದಿ ಹೇಳಿದೆ. ಜೈ ಭೀಮ್ ಬಿಟ್ಟು ನಮಸ್ಕಾರ ಎಂದು ಬರೆದಿದ್ದೀಯ, ಅಲ್ಲಿ ಹೋಗಿ ಇವನು ದೊಡ್ಡ ಮನುಷ್ಯನಾದ ಎಂದು ನಕ್ಕೆ. ಬೆಳಿಗ್ಗೆ ಎದ್ದು ವ್ಯಾಯಾಮ ಮಾಡುವವನು ನೀನೇನಾ?

ಶರ್ಟು, ಚಪ್ಪಲಿ ಕಳಿಸಿದ್ದೇನೆ. ಜೊತೆಗೆ ಕಮರ್‌ಕಟ್ಟು ಇದೆ, ಎಲ್ಲರಿಗೂ ಹಂಚು.

ಆ ಸೀಸೆಯನ್ನು ಚರಂಡಿಗೆ ಸುರಿದೆ. ಇನ್ನು ಅದರ ಮಾತು ಬೇಡ. ನಾನು ಜೋಗುಪಾಳ್ಯದಲ್ಲಿ ಪಾರ್ಲರ್ ಬಾಗಿಲು ತೆಗೆದು ಹಾಕಿ, ಮನೆಗೆ ಬಂದು ಅಡುಗೆ ಮಾಡಿ ಮಲಗುತ್ತೇನೆ. ಎಲ್ಲ ಶಾಂತವಾಗಿದೆ. ಪೂರ್ತಿ ವಾಸಿಯಾಗಿಯೇ ಬಾ. ಅವಸರ ಬೇಡ.

ನಂದಿತಾ


ಕೆ.ಆರ್. ಪುರದಾಚೆ
14 ಜುಲೈ 2024

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನನ್ನನ್ನು ಇಲ್ಲಿ ಲೀಡರ್ ಮಾಡಿದ್ದಾರೆ. ಈಗ ನೆಲದ ಮೇಲಲ್ಲ, ಮಂಚದ ಮೇಲೆ ಮಲಗುತ್ತೇನೆ. ಊಟಕ್ಕೆ ಮೊಟ್ಟೆಯೂ ಕೊಡುತ್ತಾರೆ. ಎಲ್ಲರೂ ನನ್ನ ಮಾತು ಕೇಳುತ್ತಾರೆ. ಬೌನ್ಸರ್ ಕೆಲಸದ ಅನುಭವ ಉಪಯೋಗಕ್ಕೆ ಬಂತು ಎಂದು ಸರ್ ಹೇಳುತ್ತಾರೆ.

ಹೊಸಬನೊಬ್ಬ ಬಂದಿದ್ದಾನೆ. ಮಾನಪ್ಪ ಅಂತ, ಯಾದಗಿರಿ ಕಡೆಯವನು. ಮಹದೇವಪುರದ ಹತ್ತಿರ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಕುಡಿತ ಜಾಸ್ತಿಯಾಯಿತೆಂದು ಮೇಸ್ತ್ರಿಯೇ ತಂದು ಬಿಟ್ಟು ಹೋದ. ಒಳ್ಳೆಯವನು. ತನ್ನ ಹೆಂಡತಿ ಶೇಷಮ್ಮ ಮಾಡುವ ಶೇಂಗಾ ಹಿಂಡಿಯ ಬಗ್ಗೆ ಇಡೀ ದಿನ ಮಾತಾಡುತ್ತಾನೆ.

ಅಕ್ಕ, ಭೇಟಿಗೆ ಬಿಡುತ್ತಾರಂತೆ. ಆದಷ್ಟು ಬೇಗ ಬಾ. ▬▬▬▬▬▬▬▬▬▬▬▬▬▬▬▬▬▬▬▬▬▬▬▬▬▬▬▬

ಪ್ರೇಮ್‌ಕುಮಾರ್


ಮರ್ಫಿ ಟೌನ್
28 ಜುಲೈ 2024

ಪ್ರೇಮ,

ಭೇಟಿಯಿಂದ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೂತು ಬರೆಯುತ್ತಿದ್ದೇನೆ.

ನೀನು ಯಾಕೆ ನನ್ನ ಮುಖ ನೋಡಲಿಲ್ಲ? ಲಕ್ಷ್ಮಿಕಾಂತ ಸರ್ ಪಕ್ಕದಲ್ಲೇ ಕೂತಿದ್ದರು, ಸರಿ. ಆದರೂ ಮನೆಯ ಮಾತು ಆಡಬಹುದಿತ್ತು. "ಏನಾದ್ರೂ ಬೇಕೇನೋ?" ಎಂದರೆ "ಏನೂ ಬೇಡ" ಎಂದೆ. ನಿನ್ನ ಕಾಗದದ ಕೊನೆಯಲ್ಲಿ ಎರಡು ಸಾಲಿನ ಮೇಲೆ ಕಪ್ಪು ಮಸಿ ಎಳೆದಿತ್ತು. ಅದೇನು ಎಂದು ಸರ್ ಅವರನ್ನೇ ಕೇಳಿದೆ. "ಮತ್ತೆ ಎಣ್ಣೆ ತರ್ಸು ಅಂತ ಬರ್ದಿದ್ದ ಮೇಡಂ, ನಿಮ್ಗೆ ಬೇಜಾರಾಗುತ್ತೆ ಅಂತ ಹೊಡೆದು ಹಾಕಿದ್ವಿ" ಎಂದರು. ನಿಜವೇನೋ? ಇನ್ನೂ ಆ ಆಸೆ ಹೋಗಿಲ್ಲವಾ?

ಇನ್ನೊಂದು ವಿಷಯ. ನೀರು ತಂದುಕೊಟ್ಟ ಸಣಕಲು ಮನುಷ್ಯನೇ ಮಾನಪ್ಪ ಇರಬೇಕು. ಅವನ ಕೈ ನಡುಗುತ್ತಿತ್ತು, ಲೋಟ ಕಡಕಡ ಎನ್ನುತ್ತಿತ್ತು. ನೀನು ತಲೆ ಕೆರೆದುಕೊಳ್ಳಲು ಕೈ ಎತ್ತಿದೆ. ಅವನು ಮುಖ ಮುಚ್ಚಿಕೊಂಡು ಕೂತುಬಿಟ್ಟ. ಸರ್ ನಕ್ಕರು. ನೀನು ನಗಲಿಲ್ಲ.

ಅವನು ಯಾರಿಗೆ ಹೆದರಿದ್ದು ಪ್ರೇಮ? ಬಸ್ಸಿನಲ್ಲಿ ಬರುವಾಗ ಪೂರ್ತಿ ಅದನ್ನೇ ಯೋಚಿಸಿದೆ. ನೀನು ಆ ಭಾನುವಾರದ ಪ್ರೇಮನೇ ಆಗಿದ್ದೀಯ ಅನ್ನಿಸಿತು. ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ ಎಂದು ಸರ್ ಅವರಿಗೆ ಹೇಳಿ ಬಂದಿದ್ದೇನೆ.

ನಂದಿತಾ


ಮರ್ಫಿ ಟೌನ್
20 ಆಗಸ್ಟ್ 2024

ಪ್ರೇಮ,

ಜೈಲಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಸಿಗುತ್ತದೋ ಇಲ್ಲವೋ.

ನಿನ್ನನ್ನು ಕೋರ್ಟಿನ ಹಜಾರದಲ್ಲಿ ದೂರದಿಂದ ನೋಡಿದೆ. ಪೊಲೀಸರು ನಡುವೆ ಇದ್ದರು. ಕೂಗಿದೆ. ನೀನು ತಿರುಗಲಿಲ್ಲ. ನಿನ್ನ ಅಂಗಿಯ ಮೇಲೆ ಒಣಗಿದ ರಕ್ತ ಹಾಗೆಯೇ ಇತ್ತು. ಅದು ಯಾರದ್ದೆಂದು ಯಾರೂ ಹೇಳಲಿಲ್ಲ.

ಕೇಂದ್ರದವರು ಹೇಳುವುದು ಹೀಗೆ: ನೀನು ಗಾಂಜಾ ಸಿಗದೆ ಹುಚ್ಚೆದ್ದು ಪೈಪಿನಿಂದ ಮಾನಪ್ಪನನ್ನು ಹೊಡೆದು ಸಾಯಿಸಿದೆ, ಬಿಡಿಸಲು ಬಂದ ಲಕ್ಷ್ಮಿಕಾಂತನ ದವಡೆ ಮುರಿದೆ. ಟಿ.ವಿ.ಯಲ್ಲಿ ನಿನ್ನ ಪಬ್ಬಿನ ಯೂನಿಫಾರ್ಮಿನ ಫೋಟೋ ತೋರಿಸಿದರು. ಯಾರೋ ನನ್ನ ಪಾರ್ಲರಿನ ಗಾಜಿಗೆ ಕಲ್ಲು ಹೊಡೆದಿದ್ದಾರೆ.

ಶಿವಾಜಿನಗರದ ವಕೀಲರೊಬ್ಬರನ್ನು ಹಿಡಿದಿದ್ದೇನೆ, ಅಫ್ತಾಬ್ ಅಂತ. ಸಂಜೆ ಅವರ ಆಫೀಸಿಗೆ ಹೋಗಿದ್ದೆ. "ನೋಡಮ್ಮಾ, ಮ್ಯಾನೇಜರ್‌ನ ಹೊಡ್ದಿದ್ದು ಹತ್ತಾರು ಜನ ನೋಡವ್ರೆ, ಅದನ್ನ ಇಲ್ಲ ಅನ್ನಕ್ಕಾಗಲ್ಲ. ಆದ್ರೆ ಸತ್ತೋನ ವಿಷ್ಯ ಬೇರೆ. ನಿಮ್ಮ ತಮ್ಮ ಅವನನ್ನ ಮುಟ್ಟಿದ್ನೋ ಇಲ್ವೋ, ನಂಗೆ ಅದೊಂದು ಗೊತ್ತಾಗ್ಬೇಕು" ಎಂದರು.

ನನಗೂ ಅದೊಂದೇ ಗೊತ್ತಾಗಬೇಕು.

ನಂದಿತಾ


ಜೈಲು, ಬೆಂಗಳೂರು
1 ಸೆಪ್ಟೆಂಬರ್ 2024

ಅಕ್ಕ,

ಜೈ ಭೀಮ್.

ಕೇಂದ್ರದಿಂದ ಬರೆದ ಮೊದಲ ಕಾಗದವನ್ನೂ ಹೀಗೆಯೇ ಶುರು ಮಾಡಿದ್ದೆ. ಲಕ್ಷ್ಮಿಕಾಂತ ಅದನ್ನು ಹರಿದು ನನ್ನ ಬಾಯಿಗೆ ತುರುಕಿ, ನುಂಗುವವರೆಗೂ ಮೂಗು ಹಿಡಿದುಕೊಂಡಿದ್ದ. ನೀನು ಓದಿದ್ದು ಅವನು ಹೇಳಿ ಬರೆಸಿದ್ದು. ಬೆರಳು ಬಾಗಿಲಿಗೆ ಸಿಕ್ಕಿದ್ದು ನಿಜ. ಬಾಗಿಲು ಹಾಕಿದವನು ಅವನು.

ವ್ಯಾನಿನಲ್ಲಿ ನನ್ನನ್ನು ಬೋರಲು ಮಲಗಿಸಿ ಮೇಲೆ ಇಬ್ಬರು ಕೂತರು. ಅಲ್ಲಿ ತಲುಪಿದ ಮೇಲೆ ಬಚ್ಚಲಿಗೆ ಎಳೆದುಕೊಂಡು ಹೋಗಿ ಬಟ್ಟೆ ಬಿಚ್ಚಿಸಿ ನೀರು ಸುರಿದರು. "ನಿನ್ ಡಾಕ್ಟ್ರು ಎಷ್ಟು ಹನಿ ಹಾಕ್ಕೋ ಅಂದಿದ್ದು?" ಎಂದು ಲಕ್ಷ್ಮಿಕಾಂತ ಕೇಳಿದ. ಹೇಳಿದೆ. "ಸರಿ, ಹನಿಗೊಂದು. ಬೆಳಿಗ್ಗೆ ಅಷ್ಟು, ಸಂಜೆ ಅಷ್ಟು." ಅಂಗಾಲಿಗೆ ಪೈಪಿನಲ್ಲಿ ಹೊಡೆದರು. ಡಾಕ್ಟರ್ ಚೀಟಿ ಇದೆ ಎಂದಿದ್ದಕ್ಕೆ ಮತ್ತಷ್ಟು ಹೊಡೆದರು. ಚಪ್ಪಲಿ ಒಂದು ಸೈಜು ದೊಡ್ಡದು ಕೇಳಿದ್ದು ಅದಕ್ಕೆ.

ಆ ಎರಡು ಸಾಲಿನಲ್ಲಿ ನಾನು ಎಣ್ಣೆ ಕೇಳಿರಲಿಲ್ಲ. ರಿಚರ್ಡ್ಸ್ ಟೌನಿನ ಡಾಕ್ಟರ್ ಪರ್ವೀನ್ ಅವರ ಹತ್ತಿರ ಹೋಗಿ ಚೀಟಿ ತಂದು ನನ್ನನ್ನು ಬಿಡಿಸು ಎಂದು ಬರೆದಿದ್ದೆ.

ಎಣ್ಣೆಯ ಬಗ್ಗೆ ನಿಜ ಹೇಳುತ್ತೇನೆ. ಅದು ಭಯವನ್ನು ಓಡಿಸಲಿಲ್ಲ. ಉಸಿರು ಸಿಕ್ಕಿಕೊಳ್ಳುವ ಮುಂಚೆ ಒಂದು ಕ್ಷಣ ಬಿಡುವು ಕೊಡುತ್ತಿತ್ತು. ಆ ಬಿಡುವಿನಲ್ಲಿ ಎಲ್ಲಾದರೂ ಕೂತು ಸುಧಾರಿಸಿಕೊಳ್ಳಬಹುದಿತ್ತು. ಹಲಸೂರಿನಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಮತ್ತೆ ಹೋದೆ, ಜನರ ಮಧ್ಯೆ ನಿಂತುಕೊಂಡು. ಆಸ್ಪತ್ರೆಯ ಮಾತ್ರೆ ತಗೊಂಡರೆ ಮೈ ಮರಗಟ್ಟುತ್ತಿತ್ತು. ಹಾಗಾಗಿ ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ, ಹನಿ ಎರಡರಷ್ಟು ಮಾಡಿಕೊಂಡೆ. ಡಾಕ್ಟರ್ ಎರಡನ್ನೂ ಮಾಡಬೇಡ ಎಂದಿದ್ದರು. ನಿನ್ನ ಕೈ ಮುರಿದದ್ದು ಆ ವಾರದಲ್ಲೇ. ಎಣ್ಣೆಯಿಂದಲೋ, ಮಾತ್ರೆ ಬಿಟ್ಟದ್ದರಿಂದಲೋ, ಬಾಟಲಿ ಇಳಿಸಿದ ಆ ಹುಡುಗನಿಂದಲೋ, ನನಗೆ ಗೊತ್ತಿಲ್ಲ. ಇಲ್ಲಿಯ ಡಾಕ್ಟರನ್ನು ಕೇಳಿದೆ. "ಈ ಎಣ್ಣೆ ಆತಂಕಕ್ಕೆ ಆಗುತ್ತೆ ಅನ್ನೋಕೂ ಸರಿಯಾದ ಪರೀಕ್ಷೆ ಸಾಲ್ದು, ಆಗಲ್ಲ ಅನ್ನೋಕೂ ಸಾಲ್ದು. ಆದ್ರೆ ಅದಕ್ಕೆ ಹೊಡೆಯೋದು ಚಿಕಿತ್ಸೆ ಅಲ್ಲ, ಅದು ಮಾತ್ರ ಗೊತ್ತು" ಎಂದರು. ಈಗ ಮತ್ತೆ ಮಾತ್ರೆ ಕೊಡುತ್ತಿದ್ದಾರೆ.

ಲೀಡರ್ ಎಂದರೆ ಏನೆಂದು ಕೇಳು. "ಬಾಡಿ ಇದೆ, ಬೌನ್ಸರ್ ಬೇರೆ. ನೀನು ಹೊಡೀಬೇಡ ಗುರು, ಬರೀ ಹಿಡ್ಕೋ. ಹಿಡ್ಕೊಳ್ಳಲ್ಲ ಅಂದ್ರೆ ನೀನು ಮಲ್ಕೋ" ಎಂದ ಲಕ್ಷ್ಮಿಕಾಂತ. ಅಂಗಾಲು ಇನ್ನೂ ಒಣಗಿರಲಿಲ್ಲ. ಹಿಡಿದುಕೊಂಡೆ. ಕಾಲೇಜು ಹುಡುಗರನ್ನು, ಅಪ್ಪನ ವಯಸ್ಸಿನವರನ್ನು. ನನಗೆ ಮಂಚ ಸಿಕ್ಕಿತು.

ಮಾನಪ್ಪನಿಗೆ ಕುಡಿತ ಒಮ್ಮೆಗೇ ನಿಂತಿತ್ತು. ಡಾಕ್ಟರ್ ಇರಲಿ, ಮಾತ್ರೆಯೂ ಇರಲಿಲ್ಲ. ನಡುಕ ದಿನೇ ದಿನೇ ಜಾಸ್ತಿಯಾಯಿತು. ಎಲ್ಲರೂ ನನ್ನನ್ನು ಗಾಂಜಾ ಎಂದು ಕರೆಯುತ್ತಿದ್ದರು, ಅವನೊಬ್ಬ ಅಣ್ಣ ಎನ್ನುತ್ತಿದ್ದ. "ನಮ್ ಕಡಿ ಮಠದಾಗ ಇದನ್ನ ಪ್ರಸಾದ ಅಂತ ಕೊಡ್ತಾರ್ರೀ ಅಣ್ಣಾ. ಇಲ್ಲಿ ನೋಡಿದ್ರ ಅದಕ್ಕ ಬಡೀತಾರ" ಎಂದು ಒಮ್ಮೆ ನಗಿಸಿದ್ದ. ಅವತ್ತು ಸೂರಿನಲ್ಲಿ ಹಾವು ಕಾಣುತ್ತಿದೆ ಎಂದು ಚೀರತೊಡಗಿದ. ನಾಟಕ ಮಾಡುತ್ತಾನೆ ಎಂದು ಲಕ್ಷ್ಮಿಕಾಂತ ಪೈಪು ತಗೊಂಡ.

ನಾನು ಆಗ ಪಕ್ಕದ ಉಗ್ರಾಣದ ಕೋಣೆಯಲ್ಲಿದ್ದೆ. ಸದ್ದು ನಿಂತ ಮೇಲೆ ಬಂದು ನೋಡಿದೆ. ಮಾನಪ್ಪ ಹೋಗಿಬಿಟ್ಟಿದ್ದ. ಆಮೇಲೆ ಲಕ್ಷ್ಮಿಕಾಂತನಿಂದ ಪೈಪು ಕಿತ್ತುಕೊಂಡು ಹೊಡೆದೆ. ಅದನ್ನು ನಾನು ಎಲ್ಲಿ ಬೇಕಾದರೂ ಒಪ್ಪುತ್ತೇನೆ.

ಪ್ರೇಮ


ಮರ್ಫಿ ಟೌನ್
22 ಸೆಪ್ಟೆಂಬರ್ 2024

ಪ್ರೇಮ,

ಜೈ ಭೀಮ್.

ನಿನ್ನ ಕಾಗದ ಓದಿ, ಹಳೆಯ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಶರ್ಟು, ಚಪ್ಪಲಿ, ಮಸಿ, ಎಲ್ಲವೂ ಕಣ್ಣೆದುರಿಗೇ ಇತ್ತು.

ನಾನೂ ಒಂದು ಹೇಳಬೇಕು. ನೀನು ಬರೆದ ಆ ಡಾಕ್ಟರ್ ಪರ್ವೀನ್ ಅವರ ಹತ್ತಿರ ನಾನು ಜೂನ್ ತಿಂಗಳಲ್ಲೇ ಹೋಗಿದ್ದೆ. ಸೀಸೆಯ ಮೇಲೆ ಅವರ ಕ್ಲಿನಿಕ್ಕಿನ ಚೀಟಿ ಅಂಟಿಸಿತ್ತು. ಜಗಳ ಮಾಡುವುದಕ್ಕೆಂದೇ ಹೋದೆ. ಅವರು ಕೂರಿಸಿ, ನಿನ್ನ ಚೀಟಿ ತೋರಿಸಿ ಹೇಳಿದರು: "ಹೌದಮ್ಮ, ನಾನೇ ಬರ್ಕೊಟ್ಟಿದ್ದು, ಕಾನೂನಿನ ಪ್ರಕಾರಾನೇ. ಎಲ್ರಿಗೂ ಒಗ್ಗಲ್ಲ ಇದು, ಜಾಸ್ತಿಯಾದ್ರೆ ಭಯಾನೇ ಜಾಸ್ತಿ ಮಾಡುತ್ತೆ, ಅದನ್ನೂ ಹೇಳಿದ್ದೆ. ಆದ್ರೆ ಸೆಂಟರಿಗೆ ಹಾಕೋ ಕಾಯಿಲೆ ಅಲ್ಲಮ್ಮ ಅದು. ಇವತ್ತೇ ಹೋಗಿ ಕರ್ಕೊಂಡು ಬನ್ನಿ."

ನಾನು ಹೋಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ ಮಲಗಿದೆ. ನೀನಿಲ್ಲದ ಮನೆಯಲ್ಲಿ ನಿದ್ದೆ ಬರುತ್ತಿತ್ತು. ಅದು ಔಷಧಿ ಎಂದು ಗೊತ್ತಾದ ಮೇಲೂ ನಿನ್ನನ್ನು ಅಲ್ಲಿಯೇ ಬಿಟ್ಟೆ. ಗಾಂಜಾ ನನಗೆ ನೆಪವಷ್ಟೇ. ನಾನು ಹೆದರಿದ್ದು ನಿನಗೆ.

ಪರ್ವೀನ್ ಡಾಕ್ಟರ್ ತಾವೇ ಸ್ಟೇಷನ್ನಿಗೆ ಬಂದು ಚೀಟಿಯ ನಕಲು ಕೊಟ್ಟರು. ಗಾಂಜಾ ಕೇಸು ಹಾಕುವುದಿಲ್ಲವಂತೆ.

ಮೊನ್ನೆ ಪಾರ್ಲರಿಗೆ ಒಬ್ಬ ಹೆಂಗಸು ಬಂದಳು. ಗಿರಾಕಿಯ ಹುಬ್ಬು ತೆಗೆಯುತ್ತಿದ್ದೆ. ಅವಳು ಒಡೆದ ಗಾಜಿನ ಆಚೆ ಗಂಟು ಹಿಡಿದು ನಿಂತಿದ್ದಳು. ಒಳಗೆ ಕರೆದೆ. "ನನ್ನ ಗಂಡನ್ನ ಹೊಡದವನ ಅಕ್ಕ ನೀವೇನ್ರೀ?" ಎಂದಳು. ಮಾನಪ್ಪನ ಹೆಂಡತಿ ಶೇಷಮ್ಮ. ಆಸ್ಪತ್ರೆಯಿಂದ ಹೆಣ ಬಿಡಿಸಿಕೊಂಡು ಊರಿಗೆ ಒಯ್ದು ಮಣ್ಣು ಮಾಡಿ, ಕೇಸಿಗೆಂದು ಮತ್ತೆ ಬಂದಿದ್ದಾಳೆ. ಜಗಳಕ್ಕೇ ಬಂದಿದ್ದಳು. ಗಿರಾಕಿಯನ್ನು ಕಳಿಸಿ ನಿನ್ನ ಕಾಗದ ಓದಿ ಹೇಳಿದೆ. ನೀನು ಬೇರೆ ಕೋಣೆಯಲ್ಲಿದ್ದದ್ದು, ಅವನಿಗಾಗಿ ಆ ಲಕ್ಷ್ಮಿಕಾಂತನನ್ನು ಹೊಡೆದದ್ದು. ಅವಳು ಗಂಟು ಕೆಳಗಿಟ್ಟು ನೆಲದ ಮೇಲೇ ಕೂತಳು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ನಿಮ್ ತಮ್ಮಗ ಒಂದ್ ಮಾತು ಕೇಳ್ರೀ ಅಕ್ಕಾರ. ಸಾಯೂಮುಂದ ಆತ ಯಾರನ್ನ ಕರದ್ನಂತ. ಬಾಜೂ ಖೋಲಿಯಾಗ ಇದ್ರೂ ಕೇಳ್ಸಿರ್ತದಲ್ರೀ" ಎಂದಳು.

ಕೇಳುತ್ತೇನೆ ಎಂದೆ. ಕೇಳುತ್ತಿದ್ದೇನೆ.

ಆದರೆ ಅಫ್ತಾಬ್ ಸರ್ ಇನ್ನೊಂದು ಹೇಳಿದರು. ಮಾನಪ್ಪನ ಎರಡೂ ಮಣಿಕಟ್ಟಿನ ಮೇಲೆ ಬೆರಳಿನ ಗುರುತು ಇತ್ತು ಎಂದು ಪೋಸ್ಟ್‌ಮಾರ್ಟಂ ರಿಪೋರ್ಟಿನಲ್ಲಿ ಇದೆಯಂತೆ. ಬಲವಾದ ಕೈ. ಯಾರೋ ಹಿಡಿದುಕೊಂಡಿದ್ದರು. "ನಿಮ್ಮ ತಮ್ಮ ಉಗ್ರಾಣದಲ್ಲಿದ್ದೆ ಅಂತ ಹೇಳಿದ್ರೆ, ಆ ಮ್ಯಾನೇಜರ್‌ನ ಬಿಟ್ರೆ ಅದನ್ನ ಅಲ್ಲಗಳೆಯೋರು ಇಲ್ಲ. ಮಿಕ್ಕ ಹುಡುಗ್ರು ಅವನ ಪರ ಇದಾರೆ" ಎಂದರು.

ನೀನು ಉಗ್ರಾಣದಲ್ಲಿದ್ದೆ ಎಂದು ಬರೆದಿದ್ದೀಯ. ಹಾಗೆಯೇ ಹೇಳು. ನನಗೆ ಬೇರೆ ಏನೂ ಬರೆಯಬೇಡ.

ನಂದಿತಾ


ಜೈಲು, ಬೆಂಗಳೂರು
6 ಅಕ್ಟೋಬರ್ 2024

ಅಕ್ಕ,

ಜೈ ಭೀಮ್.

ಈ ಕಾಗದವನ್ನು ಇಲ್ಲಿಯೂ ತೆರೆದು ಓದುತ್ತಾರೆ. ಓದಲಿ.

ನೀನು ಹೆದರಿದ್ದರಲ್ಲಿ ತಪ್ಪಿಲ್ಲ. ನನಗೂ ನನ್ನ ಕೈಯೆಂದರೆ ಹೆದರಿಕೆ. ಮಾನಪ್ಪನ ಕೈ ಹಿಡಿದುಕೊಂಡಿದ್ದವನು ನಾನು. ಉಗ್ರಾಣದ ಕಡೆ ನಾನು ಹೋಗಿರಲೇ ಇಲ್ಲ.

ಹಾವು ಹಾವು ಎಂದು ಅವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಲಕ್ಷ್ಮಿಕಾಂತ ಅವನನ್ನು ಒದ್ದು ಕೆಡವಿ, "ಗಾಂಜಾ, ಕೈ ಹಿಡ್ಕೋ" ಎಂದ. ಅವನ ತಲೆಯ ಹತ್ತಿರ ಮಂಡಿಯೂರಿ ಎರಡೂ ಕೈಗಳನ್ನು ನೆಲಕ್ಕೆ ಒತ್ತಿ ಹಿಡಿದೆ. ಅವನಿಗೆ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಲಕ್ಷ್ಮಿಕಾಂತ ಮೊದಲು ಕಾಲಿಗೆ ಹೊಡೆದ. ಆಮೇಲೆ ಪಕ್ಕೆಗೆ. ಪಕ್ಕೆ ಮುರಿದದ್ದು ನನ್ನ ಕೈಗೆ ಗೊತ್ತಾಯಿತು. ಅವನ ಉಸಿರು ಮೇಲೆ ಸಿಕ್ಕಿಕೊಂಡಿತ್ತು, ಬಾಯಿ ತೆರೆದಿದ್ದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಆ ಉಸಿರು ನನಗೆ ಗೊತ್ತು. ಅದು ನನ್ನದೇ ಉಸಿರು. ನಾಟಕವಲ್ಲ ಎಂದು ಆ ಕೋಣೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಆದರೂ ಹಿಡಿದುಕೊಂಡೇ ಇದ್ದೆ. ಬಿಟ್ಟರೆ ಮುಂದಿನ ಏಟು ನನಗೆ.

ಶೇಷಮ್ಮ ಕೇಳಿದ್ದಕ್ಕೆ ಉತ್ತರ ಇದು. ಅವನು ದೇವರನ್ನು ಕರೆಯಲಿಲ್ಲ. ಅವಳನ್ನೂ ಕರೆಯಲಿಲ್ಲ. ಅವನು ಕರೆದದ್ದು ನನ್ನನ್ನು. ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಾ, "ಅಣ್ಣಾ, ಕೈ ಬಿಡ್ರೀ. ಅಣ್ಣಾ, ಕೈ ಬಿಡ್ರೀ" ಎಂದ. ಜೋರಾಗಿಯೂ ಅಲ್ಲ, ಬಸ್ಸಿನಲ್ಲಿ ಜಾಗ ಕೇಳುವವನ ಹಾಗೆ. ಅವನು ಸುಮ್ಮನಾದ ಮೇಲೆ ಬಿಟ್ಟೆ.

ಆಮೇಲಿನದ್ದು ನಿನಗೆ ಗೊತ್ತಿದೆ, ಒಂದನ್ನು ಬಿಟ್ಟು. ಪೈಪು ಕಿತ್ತುಕೊಂಡು ಲಕ್ಷ್ಮಿಕಾಂತನ ಮುಖಕ್ಕೆ ಹೊಡೆದೆ. ದವಡೆ ಸೊಟ್ಟಗಾಯಿತು, ಹಲ್ಲು ನೆಲಕ್ಕೆ ಬಿತ್ತು. ಅವನು ಕೈ ಮುಗಿದ. ಮತ್ತೆ ಹೊಡೆದೆ. ಉಳಿದವರು ಎಳೆಯದಿದ್ದರೆ ಕೊಂದೇ ಹಾಕುತ್ತಿದ್ದೆ. ಹೊಡೆಯುವಾಗ ನನಗೆ ಭಯವೇ ಇರಲಿಲ್ಲ ಅಕ್ಕ. ಎದೆ ಹಗುರವಾಗಿತ್ತು, ಉಸಿರು ಸರಾಗವಾಗಿತ್ತು. ಮಾತ್ರೆಯಿಂದಲೂ ಎಣ್ಣೆಯಿಂದಲೂ ಸಿಗದ ನೆಮ್ಮದಿ ಆಗ ಸಿಕ್ಕಿತು. ಈಗ ನಾನು ಹೆದರುವುದು ಆ ನೆಮ್ಮದಿಗೆ. ಇಲ್ಲಿಯ ಡಾಕ್ಟರಿಗೆ ಅದನ್ನೂ ಹೇಳಿದ್ದೇನೆ.

ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ನಾನು ಹಿಡಿದದ್ದು ಹೇಳದಿದ್ದರೆ ಲಕ್ಷ್ಮಿಕಾಂತ ಹೊಡೆದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಫ್ತಾಬ್ ಸರ್ ಬೇಸರ ಮಾಡಿಕೊಳ್ಳದಿರಲಿ.

ಇದನ್ನು ಶೇಷಮ್ಮನಿಗೆ ಓದು. ಒಂದು ಸಾಲೂ ಬಿಡಬೇಡ.

ಪ್ರೇಮ


ಮರ್ಫಿ ಟೌನ್
17 ನವೆಂಬರ್ 2024

ಪ್ರೇಮ,

ಜೈ ಭೀಮ್.

ನಿನ್ನ ಕಾಗದವನ್ನು ಬಹಳ ದಿನ ಯಾರಿಗೂ ತೋರಿಸಲಿಲ್ಲ. ಒಲೆಗೆ ಹಾಕಬೇಕೆಂದು ಒಂದು ಸಲ ಗ್ಯಾಸನ್ನೂ ಹಚ್ಚಿದ್ದೆ. ನೀನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ದವಡೆಯ ಇನ್ನೊಂದು ಆಪರೇಷನ್ನಿಗೆ ಸೇರಿದ್ದ ಲಕ್ಷ್ಮಿಕಾಂತನನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ಹಿಡಿದರು. ಕೇಂದ್ರಕ್ಕೆ ಬೀಗ ಹಾಕಿದ್ದಾರೆ. ಒಳಗಿದ್ದವರನ್ನೆಲ್ಲ ಮನೆಗಳಿಗೆ ಕಳಿಸಿದರು, ಕೆಲವರನ್ನು ಆಸ್ಪತ್ರೆಗೆ. ಮಾನಪ್ಪನ ಸಾವಿನ ಕೇಸಿನಲ್ಲಿ ಲಕ್ಷ್ಮಿಕಾಂತ ಮೊದಲ ಆರೋಪಿ, ನೀನು ಎರಡನೆಯವನು. ಸದ್ಯಕ್ಕೆ ಜಾಮೀನು ಕಷ್ಟ ಎಂದರು ಅಫ್ತಾಬ್ ಸರ್. "ಇಂಥ ಕಕ್ಷಿದಾರನ್ನ ನಾನು ನೋಡಿಲ್ಲಮ್ಮ" ಎಂದು ಬೈದರು. ಆದರೆ ಕೇಸು ಬಿಟ್ಟಿಲ್ಲ.

ಇವತ್ತು ಶೇಷಮ್ಮ ಪಾರ್ಲರಿಗೆ ಬಂದಿದ್ದಳು. ಮನೆಗೇ ಕರೆದುಕೊಂಡು ಬಂದೆ. ಚಾಪೆ ಹಾಸಿ ಕೂರಿಸಿ ಓದಿದೆ. ಒಂದು ಸಾಲೂ ಬಿಡಲಿಲ್ಲ. ಅವಳು ಅಳಲಿಲ್ಲ. ಅವನು ನಿನ್ನನ್ನು ಕರೆದ ಜಾಗ ಬಂದಾಗ, "ಇನ್ನೊಮ್ಮಿ ಓದ್ರಿ" ಎಂದಳು. ಓದಿದೆ. ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ತುಟಿ ಒಡೆದು ರಕ್ತ ಬಂತು. ನಾನು ಕೈ ಅಡ್ಡ ತರಲಿಲ್ಲ. ಎದುರುಮನೆಯ ಅಜ್ಜಿ ಬಾಗಿಲು ಬಡಿದಾಗ, "ಏನಿಲ್ಲ ಪಾಟಿ, ಹೋಗಿ" ಎಂದೆ.

ಸುಸ್ತಾಗಿ ಅವಳೇ ಕೂತಳು. ನೀರು ಕೊಟ್ಟೆ. ಲೋಟವನ್ನು ಪಕ್ಕಕ್ಕೆ ತಳ್ಳಿದಳು. "ಹಿಡಿದಿದ್ದನ್ನ ಆತ ಹೇಳಲಿಲ್ಲಂದ್ರ ನನಗ ಗೊತ್ತ ಆಗ್ತಿರಲಿಲ್ಲ, ಹೌದಲ್ರೀ?" ಎಂದಳು. ಹೌದು ಎಂದೆ. "ಹೇಳಿದ್ದು ಛಲೋ ಆತು. ಆದ್ರ ನಾ ಅವಂಗ ಮಾಫಿ ಮಾಡಂಗಿಲ್ಲ. ಹಂಗಂತ ಬರೀರಿ." ಬರೆದಿದ್ದೇನೆ.

ವಿಚಾರಣೆಗೆ ಅವಳು ಯಾದಗಿರಿಯಿಂದ ಬಂದು ಹೋಗಿ ಮಾಡಬೇಕು. ಇಷ್ಟು ದಿನ ರೈಲ್ವೆ ಸ್ಟೇಷನ್ನಿನಲ್ಲಿ ಮಲಗುತ್ತಿದ್ದಳಂತೆ. ಕೋರ್ಟು ಮುಗಿಯುವವರೆಗೆ ಬಂದಾಗಲೆಲ್ಲ ಇಲ್ಲಿಯೇ ಇರು, ಪ್ರೇಮನ ಕೋಣೆ ಖಾಲಿ ಇದೆ ಎಂದೆ. ಅವಳು ಕೋಣೆಯ ಬಾಗಿಲವರೆಗೆ ಹೋಗಿ ಒಳಗೆ ನೋಡಿದಳು.

"ನಿಮ್ ಮನ್ಯಾಗ ಉಣ್ಣಂಗಿಲ್ಲ ನಾ," ಎಂದಳು. "ಮಲಗ್ತೀನಿ."

ಹಾಸಿಗೆಯ ಹೊದಿಕೆ ಬದಲಿಸಿ ಬಂದು ನಿನಗೆ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ನಂದಿತಾ